ಹೆದ್ದಾರಿ ಊರ ಹೊರಗೆ ಸಾಗುವ ಮುನ್ನ

ಮೈಸೂರಿನಿಂದ ಮಡಿಕೇರಿಯತ್ತ ಹೊರಟವರಿಗೆ ಬಿಳಿಕೆರೆ ಒಂದು ಕವಲು. ಅಲ್ಲಿಂದ ಒಂದು ದಾರಿ ಕೆ.ಆರ್. ನಗರ, ಹೊಳೆನರಸೀಪುರಗಳ ಮೂಲಕ ಹಾಸನಕ್ಕೆ ತಿರುಗುತ್ತದೆ. ಇನ್ನೊಂದು ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಕೊಡಗನ್ನು ಸೇರುತ್ತದೆ. ದಾರಿ ಕವಲೊಡೆಯುವಲ್ಲಿ ಬಸ್ಸು ನಿಲ್ಲುತ್ತದೆ. ಬಸ್ಸು ನಿಲ್ಲುವಲ್ಲಿ ಚಹಾದ ಅಂಗಡಿ, ಹಣ್ಣಿನ ತಳ್ಳುಗಾಡಿ, ಎಳನೀರಿನ ರಾಶಿ, ಪಂಕ್ಚರ್ ಅಂಗಡಿ ಹುಟ್ಟಿಕೊಳ್ಳುತ್ತವೆ. ಇದನ್ನು ಯಾವ ಸರಕಾರವೂ ಯೋಜಿಸಿಲ್ಲ. ದಾರಿ ತಂದುಕೊಟ್ಟ ಅನ್ನ ಇದು. ಆದ್ದರಿಂದಲೇ, ದಾರಿ ತನ್ನ ಜಾಡನ್ನು ಬದಲಿಸಿದರೆ ಈ ಅನ್ನದ ಗತಿಯೇನು ಎಂಬ ಪ್ರಶ್ನೆಯನ್ನು ನಾವು ಇಂದು ಓದುಗರ ಮುಂದಿಡಬೇಕಾಗಿದೆ.

2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯದಲ್ಲಿ ಎರಡು ಕೆಲಸ ಮಾಡಿದರು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಉದ್ಘಾಟಿಸಿದರು. ಅದೇ ವೇದಿಕೆಯಿಂದ ಮೈಸೂರು–ಕುಶಾಲನಗರ ಚತುಷ್ಪಥ ಹೆದ್ದಾರಿಗೆ ಶಂಕುಸ್ಥಾಪನೆ ನೆರವೇರಿಸಿದರು. ಎರಡನೆಯದರ ಉದ್ದ ಸುಮಾರು 92 ಕಿಲೋಮೀಟರ್, ಅಂದು ಪ್ರಕಟಿಸಿದ ವೆಚ್ಚ ಸುಮಾರು 4,130 ಕೋಟಿ ರೂಪಾಯಿ. ಅದು ಬಹುಮಟ್ಟಿಗೆ ಹೊಸ ಜಾಡಿನ ರಸ್ತೆ. ವೇಗವಾಗಿ ಸಾಗುವ ವಾಹನಗಳು ಊರಿನ ಪೇಟೆಗಳನ್ನು ಹೊಗದೆ ಹೊರಗಿನಿಂದಲೇ ಸಾಗಬೇಕೆಂಬುದೇ ಅದರ ಉದ್ದೇಶ. ಮಡಿಕೇರಿಗೆ ಹೊರಟ ಪ್ರವಾಸಿಗನಿಗೆ ಅದು ಸಮಯದ ಉಳಿತಾಯ. ಆದರೆ ಆ ಪ್ರವಾಸಿಗ ನಿಂತು ಕುಡಿಯುತ್ತಿದ್ದ ಚಹಾದಿಂದ ಮಕ್ಕಳ ಶಾಲೆಯ ಶುಲ್ಕ ಕಟ್ಟುತ್ತಿದ್ದವನಿಗೆ?

ನಾವು ರಸ್ತೆಯ ವಿರೋಧಿಗಳಲ್ಲ. ಈಗಿನ ದಾರಿಯಲ್ಲಿ ನಡೆಯುವ ಅಪಘಾತಗಳನ್ನು ಕಂಡವರಾರೂ ಉತ್ತಮ ರಸ್ತೆ ಬೇಡವೆನ್ನಲಾರರು. ರೋಗಿಯನ್ನು ಹೊತ್ತು ಮೈಸೂರಿಗೆ ಧಾವಿಸುವ ಆಂಬುಲೆನ್ಸಿಗೆ ಪ್ರತಿಯೊಂದು ನಿಮಿಷವೂ ಮುಖ್ಯ. ಇಲ್ಲಿರುವ ಪ್ರಶ್ನೆ ರಸ್ತೆ ಬೇಕೇ ಬೇಡವೇ ಎಂಬುದಲ್ಲ. ರಸ್ತೆಯ ಬಗ್ಗೆ ಯೋಚಿಸುವವರು ಇದ್ದಾರೆ; ರಸ್ತೆ ಬಿಟ್ಟುಹೋಗುವ ಊರಿನ ಬಗ್ಗೆ ಯೋಚಿಸುವವರು ಯಾರು ಎಂಬುದೇ ಪ್ರಶ್ನೆ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಅನುಭವ ಕಣ್ಣೆದುರಿಗಿದೆ. ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳ ಹೊರಗಿನಿಂದ ಬೈಪಾಸುಗಳು ಸಾಗಿದವು. ಮದ್ದೂರಿನಲ್ಲಿ ಮೇಲ್ಸೇತುವೆ ಎದ್ದಿತು. ಒಂದು ಕಾಲದಲ್ಲಿ ಈ ದಾರಿಯ ಪ್ರಯಾಣಿಕರು ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲುತ್ತಿದ್ದರು, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಬಣ್ಣದ ಮರದ ಗೊಂಬೆ ಕೊಳ್ಳುತ್ತಿದ್ದರು. ಹೊಸ ಹೆದ್ದಾರಿ ತೆರೆದ ಕೆಲವೇ ತಿಂಗಳಲ್ಲಿ ಹಳೆಯ ರಸ್ತೆಯ ಹೊಟೇಲುಗಳವರು, ಗೊಂಬೆ ಅಂಗಡಿಯವರು, ಎಳನೀರು ಮಾರುವವರು ವ್ಯಾಪಾರ ಕುಸಿದುದನ್ನು ಪತ್ರಿಕೆಗಳ ಮುಂದೆ ತೋಡಿಕೊಂಡರು. 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಅಂದರೆ ಅಕ್ಕಪಕ್ಕದ ಊರಿನ ಬಡವನ ವಾಹನಕ್ಕೆ ಆ ದಾರಿಯಲ್ಲಿ ಪ್ರವೇಶವಿಲ್ಲ. ಆ ದಾರಿಯಲ್ಲಿ ಹೋಗುವವನು ಬಡವನ ಅಂಗಡಿಯ ಬಳಿ ನಿಲ್ಲುವುದಿಲ್ಲ.

ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ದೇಶವಿದೇಶಗಳಲ್ಲಿ ಹೆಸರಿದೆ. ಅಂಥ ಹೆಸರಿದ್ದ ಊರೇ ಇಷ್ಟು ತತ್ತರಿಸಿತೆಂದಾದರೆ, ಬಿಳಿಕೆರೆಯ ಹಣ್ಣಿನ ಗಾಡಿಗೆ, ಹುಣಸೂರಿನ ಬಿರಿಯಾನಿ ಹೊಟೇಲಿಗೆ, ಪಿರಿಯಾಪಟ್ಟಣದ ಗ್ಯಾರೇಜಿಗೆ ಆಸರೆ ಯಾವುದು? ಅಲ್ಲಿಯ ವ್ಯಾಪಾರಿಗಳು ಎಚ್ಚೆತ್ತದ್ದು ರಸ್ತೆ ತೆರೆದ ಮೇಲೆ. ಇಲ್ಲಿಯವರು ಮೊದಲೇ ಎಚ್ಚರಗೊಳ್ಳಬಹುದು. ವ್ಯತ್ಯಾಸವಿರುವುದು ಇಷ್ಟರಲ್ಲೇ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ಅಷ್ಟಕ್ಕೂ, ಊರಿನ ಜೀವನೋಪಾಯದ ಬಗ್ಗೆ ಯೋಚಿಸುವುದು ಯಾರ ಹೊಣೆ? ಈ ಪ್ರಶ್ನೆಗೆ ನಮ್ಮ ಸಂವಿಧಾನದಲ್ಲಿ ಸ್ಪಷ್ಟ ಉತ್ತರವಿದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿಯು ನಗರಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಮೊದಲನೆಯದು ನಗರ ಯೋಜನೆ. ಎರಡನೆಯದು ಭೂಬಳಕೆಯ ನಿಯಂತ್ರಣ. ಮೂರನೆಯದು ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ. ರಸ್ತೆ, ನೀರು, ನೈರ್ಮಲ್ಯಗಳೆಲ್ಲ ಬರುವುದು ಅದರ ಅನಂತರ. ದುರ್ಬಲ ವರ್ಗಗಳ ಹಿತರಕ್ಷಣೆಯೂ ಆ ಪಟ್ಟಿಯಲ್ಲಿದೆ, ನಗರ ಬಡತನದ ನಿವಾರಣೆಯೂ ಇದೆ. ಕೊನೆಯದಾಗಿ ಕಸಾಯಿಖಾನೆ ಮತ್ತು ಚರ್ಮ ಹದಮಾಡುವ ಕಾರ್ಖಾನೆಗಳ ನಿಯಂತ್ರಣವಿದೆ.

ಆದರೆ ನಗರಸಭೆಯೆಂದರೆ ನಮ್ಮ ಜನರ ಮನಸ್ಸಿನಲ್ಲಿ ಮೂಡುವ ಚಿತ್ರವೇನು? ಚರಂಡಿ, ಬೀದಿದೀಪ, ನಲ್ಲಿ, ಕಸದ ಗಾಡಿ, ಮನೆಕಂದಾಯ. ಮೂರನೇ ವಿಷಯವು ಸದಸ್ಯರ ಬಾಯಲ್ಲೂ ಬರುವುದಿಲ್ಲ, ಮತದಾರರ ಬಾಯಲ್ಲೂ ಬರುವುದಿಲ್ಲ. ಇದಕ್ಕೆ ಕಾರಣವಿಲ್ಲದಿಲ್ಲ. ಹೆದ್ದಾರಿಯನ್ನು ನಿರ್ಧರಿಸುವುದು ದಿಲ್ಲಿಯಲ್ಲಿ ಕುಳಿತ ಪ್ರಾಧಿಕಾರ. ವಿದ್ಯುತ್ತು ಇನ್ನೊಂದು ನಿಗಮದ್ದು. ಹೊಗೆಸೊಪ್ಪು ತಂಬಾಕು ಮಂಡಳಿಯ ವ್ಯವಹಾರ. ಬಸ್ ನಿಲ್ದಾಣ ಸಾರಿಗೆ ಸಂಸ್ಥೆಯದು. ಅಧಿಕಾರವನ್ನೆಲ್ಲ ಹೀಗೆ ಹಂಚಿಕೊಂಡ ಮೇಲೆ ನಗರಸಭೆಗೆ ಉಳಿದದ್ದು ಚರಂಡಿಯೊಂದೇ ಎಂದು ಸದಸ್ಯರು ಗೊಣಗುವುದರಲ್ಲಿ ಒಂದಿಷ್ಟು ಸತ್ಯವಿದೆ. ಆದರೆ ಅದು ಪೂರ್ಣ ಸತ್ಯವಲ್ಲ. ಪೇಟೆಯ ಜಾಗ, ಸಂತೆಯ ಜಾಗ, ವಾಣಿಜ್ಯ ಮಳಿಗೆಗಳು, ವ್ಯಾಪಾರದ ಪರವಾನಿಗೆ, ಬೀದಿಬದಿ ವ್ಯಾಪಾರದ ವಲಯ, ಮಾಂಸ ಮತ್ತು ಮೀನಿನ ಮಾರುಕಟ್ಟೆ, ವಾರ್ಷಿಕ ಆಯವ್ಯಯ - ಇವೆಲ್ಲ ಇಂದಿಗೂ ಸ್ಥಳೀಯ ಸಂಸ್ಥೆಯ ಕೈಯಲ್ಲಿವೆ. ಒಂದು ಸಣ್ಣ ಪಟ್ಟಣದ ದುಡಿಮೆ ನಿಂತಿರುವುದೇ ಇವುಗಳ ಮೇಲೆ.

ಊರಿನ ಆರ್ಥಿಕ ಭವಿಷ್ಯವನ್ನು ಹೊರಗಿನವರ ಕೈಗೆ ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹುಣಸೂರಿನ ಚರಿತ್ರೆಯೇ ಸಾಕ್ಷಿ. ಲಕ್ಷ್ಮಣತೀರ್ಥ ನದಿಯ ದಡದ ಈ ಊರು 19ನೇ ಶತಮಾನದಲ್ಲಿ ಹೆಸರು ಮಾಡಿದ್ದು ಬ್ರಿಟಿಷರ ಸೇನೆಗೆ ಸಾಮಗ್ರಿ ಒದಗಿಸುವ ಕೇಂದ್ರವಾಗಿ. ಇಲ್ಲಿ ಅಮೃತಮಹಲ್ ರಾಸುಗಳ ಠಾಣ್ಯವಿತ್ತು, ಚರ್ಮ ಹದಮಾಡುವ ಕಾರ್ಖಾನೆಯಿತ್ತು, ಕಂಬಳಿ ತಯಾರಾಗುತ್ತಿತ್ತು, ಮರದ ಕೆಲಸ ನಡೆಯುತ್ತಿತ್ತು. ಬಳಿಕ ಸರಕಾರ ಆ ವ್ಯವಸ್ಥೆಯನ್ನು ಮುಚ್ಚಿತು. ಕೈಯಲ್ಲಿ ಕಸುಬು ಉಳಿದವರು ತಮ್ಮಷ್ಟಕ್ಕೆ ಒಂದಷ್ಟು ಕಾಲ ಅದನ್ನು ಮುಂದುವರಿಸಿದರು. ಕೊಡಗಿನ ಕಾಫಿಯ ಸಂಸ್ಕರಣೆ ಮತ್ತೊಂದು ಆಸರೆಯಾಯಿತು. ಎಲ್ಲೋ ಕುಳಿತವರ ಒಂದು ಆಜ್ಞೆ ಊರನ್ನು ಕಟ್ಟಿತು. ಇನ್ನೊಂದು ಆಜ್ಞೆ ಅದರ ಬುಡವನ್ನು ಅಲುಗಿಸಿತು. ಎರಡೂ ಸಂದರ್ಭಗಳಲ್ಲಿ ಊರಿನವರನ್ನು ಕೇಳಿದವರಿಲ್ಲ.

ಇಂದು ಆ ಸ್ಥಾನದಲ್ಲಿ ಹೊಗೆಸೊಪ್ಪು ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರಗಳ ಮಳೆಯಾಶ್ರಿತ ಭೂಮಿ ಕರ್ನಾಟಕದ ವರ್ಜೀನಿಯಾ ತಂಬಾಕಿನ ತವರು. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ವ್ಯವಸ್ಥೆ ಆರಂಭವಾದದ್ದು 1984ರಲ್ಲಿ. ಹರಾಜಿನ ತಿಂಗಳುಗಳಲ್ಲಿ ರೈತನ ಕೈಗೆ ಬರುವ ಹಣವೇ ಬಟ್ಟೆಯಂಗಡಿ, ಚಿನ್ನದಂಗಡಿ, ಬೈಕಿನ ಮಳಿಗೆ, ದರ್ಜಿಯ ಯಂತ್ರ, ಆಟೋದ ಚಕ್ರ ಎಲ್ಲವನ್ನೂ ತಿರುಗಿಸುತ್ತದೆ. ಒಂದು ವರ್ಷ ದರ ಕುಸಿದರೆ ಪೇಟೆಗೆ ಪೇಟೆಯೇ ಮಂಕಾಗುತ್ತದೆ. ತಂಬಾಕನ್ನು ಒಂದು ಎಲೆಯೂ ಬೆಳೆಯದ, ಒಂದು ಗುಂಟೆ ನೆಲವೂ ಇಲ್ಲದ ಮುಸ್ಲಿಮ್ ಕುಟುಂಬದ ಒಲೆಯೂ ಹೀಗೆ ಅದೇ ಎಲೆಯನ್ನು ಅವಲಂಬಿಸಿದೆ. ಆದರೆ ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತವು 2004ರಲ್ಲೇ ಅನುಮೋದಿಸಿದೆ. ಬೆಳೆಗಾರರಿಗೆ ಮತ್ತು ಕಾರ್ಮಿಕರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂಬ ಮಾತು ಆ ಒಪ್ಪಂದದಲ್ಲೇ ಇದೆ. ಮನುಷ್ಯರ ಆರೋಗ್ಯವನ್ನು ಕೆಡಿಸುವ ಬೆಳೆಯೊಂದು ಊರಿನ ಏಕೈಕ ಊರುಗೋಲಾಗಿರುವುದು ನೈತಿಕವಾಗಿಯೂ ಹಿತವಲ್ಲ, ಆರ್ಥಿಕವಾಗಿಯೂ ಕ್ಷೇಮವಲ್ಲ. ಒಂದು ಕಡೆ ದಾರಿ ದೂರವಾಗಲಿದೆ, ಇನ್ನೊಂದು ಕಡೆ ಬೆಳೆಯ ಭವಿಷ್ಯ ಅನಿಶ್ಚಿತ. ಊರು ತನ್ನ ನಾಳೆಯ ಬಗ್ಗೆ ಸಭೆ ಸೇರಲು ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಸಭೆ ಸೇರಲು ಕಾನೂನೇ ಒಂದು ಬಾಗಿಲನ್ನು ತೆರೆದಿದೆ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಕಾಯ್ದೆಯು 2014ರ ಮೇ 1ರಂದು ಜಾರಿಗೆ ಬಂತು. ಈ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿಯಿರಬೇಕು. ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆಯಲ್ಲಿ ಮುಖ್ಯಾಧಿಕಾರಿ ಅದರ ಅಧ್ಯಕ್ಷರು. ಸಮಿತಿಯ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿಬದಿ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮತ್ತು ಅಂಗವಿಕಲ ವ್ಯಾಪಾರಿಗಳಿಗೆ ಸೂಕ್ತ ಪ್ರಾತಿನಿಧ್ಯ ಸಿಗಬೇಕು. ತಳ್ಳುಗಾಡಿಯವನು ಅಧಿಕಾರಿಯ ಎದುರು ಕೈಕಟ್ಟಿ ನಿಲ್ಲದೆ, ಅದೇ ಮೇಜಿನ ಸುತ್ತ ಕುರ್ಚಿಯಲ್ಲಿ ಕುಳಿತು ಮಾತನಾಡುವ ಹಕ್ಕನ್ನು ಈ ಕಾಯ್ದೆ ಕೊಟ್ಟಿದೆ.

ಕನಿಷ್ಠ ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆ ಬಳಿಕವೂ, ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟಿಸು ಕೊಡಬೇಕು. ಪಟ್ಟಣದ ಅಥವಾ ವಾರ್ಡಿನ ಜನಸಂಖ್ಯೆಯ ಶೇ. 2.5ರ ಮಿತಿಯೊಳಗೆ, ಗುರುತಿಸಲಾದ ವ್ಯಾಪಾರಿಗಳಿಗೆಲ್ಲ ಜಾಗ ಮಾಡಿಕೊಡಬೇಕು. ಮಾರುವವರೂ ಕೊಳ್ಳುವವರೂ ಬಹುಕಾಲದಿಂದ ಸೇರುತ್ತ ಬಂದ ಜಾಗವನ್ನು ಸಹಜ ಮಾರುಕಟ್ಟೆಯೆಂದು ಪರಿಗಣಿಸಬೇಕು. ಪ್ರಮಾಣಪತ್ರ ಪಡೆದು ಷರತ್ತುಗಳಂತೆ ವ್ಯಾಪಾರ ಮಾಡುವವನನ್ನು ಪೊಲೀಸರಾಗಲಿ ಇತರ ಯಾರೇ ಆಗಲಿ ತಡೆಯಕೂಡದು. ಇಷ್ಟೆಲ್ಲ ಬರೆದಿಟ್ಟ ಕಾಯ್ದೆ ಜಾರಿಯಾಗಿ ದಶಕ ಕಳೆದಿದೆ. ನಮ್ಮ ಓದುಗರಲ್ಲಿ ಎಷ್ಟು ಮಂದಿ ತಮ್ಮೂರಿನ ಸಮಿತಿಯ ಸದಸ್ಯರ ಹೆಸರನ್ನು ಬಲ್ಲರು? ಎಷ್ಟು ಮಂದಿ ವ್ಯಾಪಾರಿಗಳು ಆ ಪ್ರತಿನಿಧಿಗಳ ಚುನಾವಣೆಯಲ್ಲಿ ಮತ ಹಾಕಿದ್ದಾರೆ?

ಪ್ರಮಾಣಪತ್ರವೆಂಬುದು ಬರೇ ಕಾಗದವಲ್ಲ. 2020ರ ಜೂನ್ 1ರಂದು ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿಬದಿ ವ್ಯಾಪಾರಿಗೆ ಆಧಾರವಿಲ್ಲದೆ ಸಾಲ ಸಿಗುವುದು ಸ್ಥಳೀಯ ಸಂಸ್ಥೆ ಕೊಡುವ ಗುರುತಿನ ಬಲದಿಂದಲೇ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟವು ಈ ಯೋಜನೆಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿತು. ಮೊದಲ ಕಂತನ್ನು 10 ಸಾವಿರದಿಂದ 15 ಸಾವಿರಕ್ಕೂ ಎರಡನೆಯದನ್ನು 20 ಸಾವಿರದಿಂದ 25 ಸಾವಿರಕ್ಕೂ ಏರಿಸಿತು. ಮೂರನೆಯದು 50 ಸಾವಿರ. ಬೆಳಿಗ್ಗೆ ಸಾಲ ಪಡೆದು ಸಂಜೆ ಬಡ್ಡಿ ಸಮೇತ ಮರಳಿಸುವ ಮೀಟರ್ ಬಡ್ಡಿಯ ಕುಣಿಕೆಯಲ್ಲಿ ಸಿಕ್ಕವರನ್ನು ಕಂಡವರಿಗೆ ಈ ಮೊತ್ತದ ಬೆಲೆ ಗೊತ್ತು. ಬಡ್ಡಿಯ ವ್ಯವಹಾರದಿಂದ ದೂರವಿರಬಯಸುವವರ ಮುಂದೆ ಇದೊಂದು ಇಕ್ಕಟ್ಟನ್ನೂ ತಂದಿಡುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆ ಉತ್ತರ, ಊರೂರಿನ ಬೈತುಲ್‌ಮಾಲ್‌ಗಳು ಬಡ್ಡಿರಹಿತ ಕಿರುಸಾಲವನ್ನು ಶಿಸ್ತಿನಿಂದ ನಡೆಸುವುದೇ ಹೊರತು, ಬಡ ವ್ಯಾಪಾರಿಯನ್ನು ಮೀಟರ್ ಬಡ್ಡಿಯವನ ಬಾಯಿಗೆ ಬಿಡುವುದಲ್ಲ.

ಇನ್ನು ಆಯವ್ಯಯ. ನಗರಸ್ಥಳೀಯ ಸಂಸ್ಥೆಗಳು ಬಜೆಟ್ ಮಂಡಿಸುವ ಮುನ್ನ ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತವೆ. ಅಲ್ಲಿ ಬರುವುದು ಬೆರಳೆಣಿಕೆಯ ಮಂದಿ. ಸಂಸ್ಥೆಯ ನಿಧಿಯಲ್ಲಿ ಶೇ. 24.10ರಷ್ಟು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕೆ, ಶೇ. 7.25ರಷ್ಟು ಇತರ ಬಡವರಿಗೆ, ಶೇ. 5ರಷ್ಟು ಅಂಗವಿಕಲರಿಗೆ ಮೀಸಲಿಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಶೇ. 7.25 ಎಂಬ ಈ ಅಂಕಿ ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಬಾಯಿಪಾಠವಾಗಿರಬೇಕಿತ್ತು. ಹೊಲಿಗೆ ಕಲಿತ ಹೆಣ್ಣುಮಗಳಿಗೆ ಯಂತ್ರ, ಗಾಡಿಯಿಲ್ಲದವನಿಗೆ ತಳ್ಳುಗಾಡಿ, ಓದುವ ಬಡ ವಿದ್ಯಾರ್ಥಿಗೆ ನೆರವು - ಇಂಥವುಗಳನ್ನು ಈ ಬಾಬ್ತಿನಿಂದ ಕೇಳಲು ಸಾಧ್ಯವಿದೆ. ಯಾರೂ ಕೇಳದಿದ್ದಾಗ ಆ ಹಣ ಖರ್ಚಾಗದೆ ಉಳಿಯುತ್ತದೆ, ಇಲ್ಲವೇ ತಿಳಿದವರ ಪಾಲಾಗುತ್ತದೆ.

ಇಲ್ಲಿ ನಾವು ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು. ಸಾಚಾರ್ ಸಮಿತಿಯು 2006ರಲ್ಲಿ ನೀಡಿದ ವರದಿ ನೆನಪಿದೆಯೇ? ನಗರಪ್ರದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ಶೇ. 57 ಮಂದಿ ಸ್ವಂತ ಉದ್ಯೋಗವನ್ನೇ ನಂಬಿದವರು, ಹಿಂದೂ ದುಡಿಮೆಗಾರರಲ್ಲಿ ಈ ಪ್ರಮಾಣ ಶೇ. 43 ಎಂದು ಅದು ತಿಳಿಸಿತ್ತು. ಮುಸ್ಲಿಮ್ ಪುರುಷ ದುಡಿಮೆಗಾರರಲ್ಲಿ ಶೇ. 12ಕ್ಕೂ ಹೆಚ್ಚು ಮಂದಿ ಬೀದಿಬದಿ ವ್ಯಾಪಾರದಲ್ಲಿದ್ದರು. ರಾಷ್ಟ್ರೀಯ ಸರಾಸರಿ ಶೇ. 8ಕ್ಕೂ ಕಡಿಮೆಯಿತ್ತು. ಅಂದರೆ ಊರಿನ ಬೀದಿಯ ಬಗ್ಗೆ, ಪೇಟೆಯ ಬಗ್ಗೆ ಯಾರು ಯಾವ ನಿರ್ಧಾರ ಕೈಗೊಂಡರೂ ಅದರ ಬಿಸಿ ಮೊದಲು ತಟ್ಟುವುದು ನಮ್ಮ ಮನೆಗಳಿಗೆ. ಆದರೆ ನಾವು ನಮ್ಮ ವಾರ್ಡಿನ ಸದಸ್ಯನಲ್ಲಿ ಕೇಳುವುದೇನು? ಖಬರಸ್ಥಾನಕ್ಕೆ ಆವರಣಗೋಡೆ, ಮಸೀದಿಯ ರಸ್ತೆಗೆ ಕಾಂಕ್ರೀಟು, ಹಬ್ಬಕ್ಕೆ ದೀಪ. ಇವು ಬೇಡವೆಂದಲ್ಲ. ಸತ್ತವರಿಗೆ ಗೋಡೆ ಕೇಳುವ ನಾವು ಬದುಕಿರುವವರಿಗೆ ಮಾರುಕಟ್ಟೆ ಕೇಳಲು ಮರೆತೆವಲ್ಲ ಎಂಬುದೇ ನಮ್ಮ ನೋವು.

ಇನ್ನೂ ಕೆಲವು ಕಹಿ ಮಾತುಗಳಿವೆ. ಹರಾಜಿನಲ್ಲಿ ಮಳಿಗೆ ಹಿಡಿದು, ಹೆಚ್ಚಿನ ಬಾಡಿಗೆಗೆ ಇನ್ನೊಬ್ಬ ಬಡವನಿಗೆ ಒಳಬಾಡಿಗೆ ಕೊಡುವವರು ಎಲ್ಲ ಸಮುದಾಯಗಳಲ್ಲಿರುವಂತೆ ನಮ್ಮಲ್ಲೂ ಇದ್ದಾರೆ. ಅಂಗಡಿಯ ಸಾಮಾನನ್ನು ಕಾಲುದಾರಿಯ ತುದಿಯವರೆಗೆ ಚಾಚಿ, ಮುದುಕರನ್ನೂ ಶಾಲಾ ಮಕ್ಕಳನ್ನೂ ರಸ್ತೆಗೆ ಇಳಿಸುವವರಿದ್ದಾರೆ. ಸಂಜೆಯ ವ್ಯಾಪಾರ ಮುಗಿಸಿ ಕಸವನ್ನು ಅಲ್ಲೇ ಬಿಟ್ಟು ಹೋಗುವವರಿದ್ದಾರೆ. ಹಕ್ಕು ಕೇಳುವ ಬಾಯಿಗೆ ಬಲ ಬರುವುದು ಕರ್ತವ್ಯ ಮಾಡಿದ ಕೈಯಿಂದ. ಮಹಿಳಾ ಮೀಸಲಾತಿಯಿಂದ ಆಯ್ಕೆಯಾದ ಸದಸ್ಯೆಯ ಬದಲು ಅವರ ಪತಿಯೋ ಸಹೋದರನೋ ನಗರಸಭೆಯ ಕಚೇರಿಯಲ್ಲಿ ದರ್ಬಾರು ನಡೆಸುವುದನ್ನು ನಾವು ಸಹಜವೆಂಬಂತೆ ಒಪ್ಪಿಕೊಂಡಿದ್ದೇವೆ. ಮನೆಯ ಖರ್ಚುವೆಚ್ಚವನ್ನು ತೂಗಿಸಿ ಬಲ್ಲ ಹೆಣ್ಣುಮಗಳಿಗೆ ಊರಿನ ಆಯವ್ಯಯ ಅರ್ಥವಾಗದೆಂದು ತೀರ್ಮಾನಿಸಿದವರು ಯಾರು?

ಪೇಟೆಯ ಜಾಗದ ಪ್ರಶ್ನೆಗೆ ನಮ್ಮ ಇತಿಹಾಸದಲ್ಲೂ ಒಂದು ಪಾಠವಿದೆ. ಪ್ರವಾದಿ(ಸ) ಅವರು ಮದೀನಾಕ್ಕೆ ಬಂದ ಬಳಿಕ ಮುಸ್ಲಿಮರಿಗಾಗಿ ಪ್ರತ್ಯೇಕ ಮಾರುಕಟ್ಟೆಗೆ ಜಾಗ ಗುರುತಿಸಿದರು ಮತ್ತು ಅಲ್ಲಿ ಸುಂಕ ವಿಧಿಸಬಾರದೆಂದು ನಿರ್ದೇಶಿಸಿದರು ಎಂದು ಇತಿಹಾಸಕಾರರು ದಾಖಲಿಸಿದ್ದಾರೆ. ಮಸೀದಿಯ ಜೊತೆಗೇ ಮಾರುಕಟ್ಟೆಯ ಚಿಂತನೆಯೂ ಅಲ್ಲಿತ್ತು. ನ್ಯಾಯಬದ್ಧ ವ್ಯಾಪಾರಕ್ಕೆ ಮುಕ್ತ ಜಾಗ ಒದಗಿಸುವುದು ಆಡಳಿತದ ಹೊಣೆಯೆಂಬ ತತ್ವ ಅದರಲ್ಲಿದೆ. ಇಂದು ನಮ್ಮ ಅನೇಕ ಊರುಗಳಲ್ಲಿ ಸಂತೆಯ ಸುಂಕ ವಸೂಲಿಯನ್ನೇ ಹರಾಜು ಹಾಕಲಾಗುತ್ತದೆ. ಹರಾಜು ಹಿಡಿದವನು ಒಂದು ಕಟ್ಟು ಸೊಪ್ಪು ತಂದ ಮುದುಕಿಯಿಂದಲೂ ವಸೂಲಿ ಮಾಡುತ್ತಾನೆ. ನಿಗದಿಯಾದ ದರವನ್ನು ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಬರೆಸಿ, ರಶೀದಿ ಕೊಡಿಸುವಷ್ಟು ಕೆಲಸವನ್ನು ಊರಿನ ಸಂಸ್ಥೆ ಮಾಡಿದರೂ ಅದು ದೊಡ್ಡ ಉಪಕಾರವಾದೀತು.

ವ್ಯಾಪಾರದ ಜಾಗದ ನಿಯಮವನ್ನು ಊರು ಮೊದಲೇ ಬರೆಯದಿದ್ದರೆ, ಗದ್ದಲ ಮಾಡುವವರು ಅದನ್ನು ಬರೆಯುತ್ತಾರೆ ಎಂಬುದನ್ನು ಕರ್ನಾಟಕ 2022ರಲ್ಲಿ ಕಂಡಿದೆ. ಆ ವರ್ಷದ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿಯಿಡಲು ಅವಕಾಶ ನಿರಾಕರಿಸಲಾಯಿತು. ಬಳಿಕ ಅದರ ಗಾಳಿ ಬೇರೆ ಕಡೆಗೂ ಬೀಸಿತು. ದೇವಸ್ಥಾನದ ಆವರಣಕ್ಕೆ ಬೇರೆಯೇ ನಿಯಮಗಳಿವೆ ಎಂಬ ವಾದ ಅಂದು ಕೇಳಿಬಂತು. ಸರಿ, ಸಾರ್ವಜನಿಕ ಬೀದಿಯ ನಿಯಮವಾದರೂ ಸಾರ್ವಜನಿಕರದ್ದಾಗಿರಲಿ. ಗುರುತಿನ ಚೀಟಿ, ಗುರುತಿಸಿದ ಜಾಗ, ಬರೆದಿಟ್ಟ ದರ ಇರುವ ಪೇಟೆಯಲ್ಲಿ ದ್ವೇಷಕ್ಕೆ ಅಂಗಡಿ ತೆರೆಯಲು ಜಾಗ ಕಡಿಮೆ. ಎಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿರುವಾಗ, ಒಬ್ಬನನ್ನು ಎಬ್ಬಿಸಬಂದವರಿಗೆ ಉಳಿದವರೂ ಉತ್ತರಿಸಬೇಕಾಗುತ್ತದೆ.

ಆದ್ದರಿಂದಲೇ ಇದನ್ನು ಮುಸ್ಲಿಮರ ಬೇಡಿಕೆಯಾಗಿ ಮಂಡಿಸಬಾರದೆಂದು ನಾವು ಒತ್ತಿ ಹೇಳುತ್ತೇವೆ. ಹೊಸ ಹೆದ್ದಾರಿ ಯಾರ ಧರ್ಮವನ್ನೂ ಕೇಳಿಕೊಂಡು ದೂರ ಸರಿಯುವುದಿಲ್ಲ. ಬಿಳಿಕೆರೆಯಲ್ಲಿ ಎಳನೀರು ಮಾರುವ ಒಕ್ಕಲಿಗ ಯುವಕನೂ ಹೂ ಕಟ್ಟುವ ದಲಿತ ಮಹಿಳೆಯೂ ಹಣ್ಣು ಮಾರುವ ಮುಸ್ಲಿಮ್ ವೃದ್ಧನೂ ಒಂದೇ ದೋಣಿಯಲ್ಲಿದ್ದಾರೆ. ಹುಣಸೂರಿನ ಮಣ್ಣಿನಿಂದ ಬಂದ ದೇವರಾಜ ಅರಸು ಅವರು 1970ರ ದಶಕದಲ್ಲಿ ಕರ್ನಾಟಕಕ್ಕೆ ಕಲಿಸಿದ ಪಾಠವೂ ಇದೇ ಆಗಿತ್ತು: ಚದುರಿಹೋದ ಸಣ್ಣ ಸಣ್ಣ ಸಮುದಾಯಗಳು ಒಂದುಗೂಡಿದರೆ ಅಧಿಕಾರದ ಬಾಗಿಲು ತೆರೆಯುತ್ತದೆ. ಆ ಪಾಠವನ್ನು ಅವರ ಊರೇ ಮರೆಯಬಾರದು.

ಊರಿನ ಯೋಜನೆಯೆಂದರೆ ಏನಿರಬೇಕು? ನಾಲ್ಕು ತಾಲೂಕುಗಳಿಗೂ ತಮ್ಮದೇ ಬಂಡವಾಳವಿದೆ. ಪಿರಿಯಾಪಟ್ಟಣದ ಪಕ್ಕದಲ್ಲಿ 1961ರಲ್ಲಿ ನೆಲೆಗೊಂಡ ಬೈಲಕುಪ್ಪೆಯ ಟಿಬೆಟಿಯನ್ ವಸಾಹತು ಇದೆ. ಅಲ್ಲಿಗೆ ಬರುವ ಯಾತ್ರಿಕರೂ ಪ್ರವಾಸಿಗರೂ ಪಿರಿಯಾಪಟ್ಟಣದ ಪೇಟೆಯಲ್ಲಿ ಇಳಿಯಲು ಕಾರಣವೊಂದು ಬೇಕು. ಎಚ್.ಡಿ. ಕೋಟೆಗೆ ಕಬಿನಿಯ ನೀರೂ ನಾಗರಹೊಳೆಯ ಕಾಡೂ ಇವೆ. ಆದರೆ ಸಫಾರಿಯ ಹಣ ರೆಸಾರ್ಟಿನ ಬೇಲಿ ದಾಟಿ ಪಟ್ಟಣದ ದರ್ಜಿಗೆ, ಚಾಲಕನಿಗೆ, ಜೇನು ತರುವ ಆದಿವಾಸಿಗೆ ತಲುಪುವ ದಾರಿಯನ್ನು ಯಾರಾದರೂ ಮಾಡಬೇಕು. ಕೆ.ಆರ್. ನಗರ ಕಾವೇರಿಯ ಕಾಲುವೆಗಳ ಭತ್ತದ ನಾಡು. ಅಕ್ಕಿಯನ್ನು ಚೀಲದಲ್ಲಿ ಕಳಿಸುವುದಕ್ಕೂ ತಿನಿಸಾಗಿ ಮಾಡಿ ಮಾರುವುದಕ್ಕೂ ಆದಾಯದಲ್ಲಿ ಬಹಳ ಅಂತರವಿದೆ. ಹುಣಸೂರಿಗೆ ಮರದ ಕೆಲಸ, ಗ್ಯಾರೇಜು, ವೆಲ್ಡಿಂಗ್‌ಗಳ ಕೈಗಳಿವೆ. ಹೆದ್ದಾರಿಯಿಂದ ಊರಿಗೆ ಹೊರಳುವ ತಿರುವು ಎಲ್ಲಿರಬೇಕು, ಅಲ್ಲಿ ಊರಿನ ಉತ್ಪನ್ನದ ಮಳಿಗೆಗಳಿಗೆ ಜಾಗ ಸಿಗುವುದೇ, ಆ ಮಳಿಗೆಗಳು ದೊಡ್ಡ ಕಂಪೆನಿಗಳ ಪಾಲಾಗದೆ ಸ್ಥಳೀಯರಿಗೆ ದಕ್ಕುವವೇ - ಈ ಪ್ರಶ್ನೆಗಳ ಬಗ್ಗೆ ಸ್ಥಳೀಯ ಸಂಸ್ಥೆಗಳು ಠರಾವು ಮಾಡಿ, ಹೆದ್ದಾರಿ ಪ್ರಾಧಿಕಾರಕ್ಕೂ ರಾಜ್ಯ ಸರಕಾರಕ್ಕೂ ಕಳುಹಿಸಬೇಕು. ನಿರ್ಧರಿಸುವ ಅಧಿಕಾರ ಇಲ್ಲದಿರಬಹುದು. ಊರಿನ ಮಾತನ್ನು ದಾಖಲೆಯಾಗಿಸುವ ಅಧಿಕಾರವನ್ನು ಯಾರೂ ಕಿತ್ತುಕೊಂಡಿಲ್ಲ.

ಬಿಳಿಕೆರೆಯ ಸಂಕಟ ಇನ್ನೊಂದು ಬಗೆಯದು. ಅದು ಪಟ್ಟಣವಲ್ಲ, ಗ್ರಾಮ ಪಂಚಾಯತಿಯ ಊರು. ಪೇಟೆಯ ಲಕ್ಷಣಗಳಿದ್ದರೂ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪಟ್ಟಣ ಸಮಿತಿ ಅಲ್ಲಿಗೆ ಬರುವುದಿಲ್ಲ. ಆದರೆ ಮಾರುಕಟ್ಟೆ ಮತ್ತು ಸಂತೆಗಳು ಪಂಚಾಯತಿಗಳ 11ನೇ ಅನುಸೂಚಿಯಲ್ಲೂ ಇವೆ, ಗ್ರಾಮಸಭೆಯ ಬಾಗಿಲೂ ತೆರೆದಿದೆ. ಪಟ್ಟಣ ಮತ್ತು ಗ್ರಾಮಗಳ ಯೋಜನೆಗಳನ್ನು ಜೋಡಿಸಲು ಜಿಲ್ಲಾ ಯೋಜನಾ ಸಮಿತಿಯೆಂಬುದಿದೆ; ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಚುನಾಯಿತರೇ ಇರಬೇಕೆಂದು ಸಂವಿಧಾನ ವಿಧಿಸಿದೆ.

ಚುನಾಯಿತರು ಇದ್ದರೆ ತಾನೇ! 2018ರಲ್ಲಿ ಚುನಾವಣೆ ನಡೆದ ರಾಜ್ಯದ ಅನೇಕ ನಗರಸ್ಥಳೀಯ ಸಂಸ್ಥೆಗಳಲ್ಲಿ ಅಧ್ಯಕ್ಷ–ಉಪಾಧ್ಯಕ್ಷರ ಮೀಸಲಾತಿಯ ವ್ಯಾಜ್ಯದಿಂದಾಗಿ ಸದಸ್ಯರು ಎರಡು ವರ್ಷ ಅಧಿಕಾರವಿಲ್ಲದೆ ಕಾದರು. ಎರಡನೇ ಅವಧಿಗೆ 2023ರಿಂದ 2024ರ ಆಗಸ್ಟ್‌ವರೆಗೆ ಮತ್ತೆ ಕಾಯಬೇಕಾಯಿತು. ಹುಣಸೂರು ನಗರಸಭೆಗೆ 2020ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು; ಅಲ್ಲಿನ ಮತದಾರರೂ ಈ ಕಾಯುವಿಕೆಯ ರುಚಿಯನ್ನು ಬಲ್ಲರು. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಡಳಿತ ಯಾವ ಪಕ್ಷದ್ದಾಗಿದ್ದರೂ ಶಾಸಕರಿಗೂ ಮಂತ್ರಿಗಳಿಗೂ ಊರಿನ ಸಂಸ್ಥೆ ದುರ್ಬಲವಾಗಿರುವುದೇ ಅನುಕೂಲ ಎಂಬುದನ್ನು ಈ ವಿಳಂಬಗಳು ಹೇಳುತ್ತವೆ. ಅಧಿಕಾರ ವಿಕೇಂದ್ರೀಕರಣದ ಭಾಷಣ ಮಾಡುವವರು ಮೊದಲು ಸಕಾಲದಲ್ಲಿ ಚುನಾವಣೆ ನಡೆಸಿ ತೋರಿಸಲಿ.

ಕಾಂಕ್ರೀಟು ಬಿದ್ದ ಮೇಲೆ ಮನವಿಪತ್ರಕ್ಕೆ ಬೆಲೆಯಿಲ್ಲ. ಆದ್ದರಿಂದ ಈ ನಾಲ್ಕು ತಾಲೂಕುಗಳ ನಮ್ಮ ಓದುಗರಲ್ಲಿ ನಮ್ಮ ಕೋರಿಕೆ ಸರಳವಾದುದು. ಪ್ರತಿಯೊಂದು ಊರಿನ ಜಮಾಅತ್, ಅಂಜುಮನ್, ಯುವಕ ಸಂಘಗಳು ಓದುಬರಹ ಬಲ್ಲ ಇಬ್ಬರು ಮೂವರನ್ನು ಈ ಕೆಲಸಕ್ಕೆಂದೇ ನಿಯೋಜಿಸಲಿ. ಅವರಲ್ಲಿ ಮಹಿಳೆಯರೂ ಇರಲಿ. ಅವರು ನಗರಸಭೆಗೆ ಹೋಗಿ ವ್ಯಾಪಾರ ಸಮಿತಿಯ ಪಟ್ಟಿ ಕೇಳಲಿ, ಸಮೀಕ್ಷೆಯ ದಿನಾಂಕ ಕೇಳಲಿ, ಶೇ. 7.25ರ ಲೆಕ್ಕ ಕೇಳಲಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲಿ. ನೆರೆಯ ಹಿಂದೂ, ಕ್ರೈಸ್ತ ವ್ಯಾಪಾರಿಗಳನ್ನು ಜೊತೆಗೆ ಕರೆದುಕೊಂಡು ಬಜೆಟ್ ಪೂರ್ವಭಾವಿ ಸಭೆಯಲ್ಲಿ ಕುಳಿತುಕೊಳ್ಳಲಿ. ಜುಮಾದ ಬಳಿಕ ಐದು ನಿಮಿಷ ಈ ಮಾಹಿತಿಯನ್ನು ಜನರಿಗೆ ತಿಳಿಸಲಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವನಿಗೆ ಚರಂಡಿಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಹೆದ್ದಾರಿ ಊರ ಹೊರಗೆ ಹೋದ ಮರುದಿನ ನಮ್ಮ ಪೇಟೆಗೆ ಗಿರಾಕಿಯನ್ನು ಕರೆತರಲು ನಿಮ್ಮಲ್ಲಿರುವ ಯೋಜನೆಯೇನು?

ಈ ಪ್ರಶ್ನೆಗೆ ಉತ್ತರವಿಲ್ಲದವನು ಊರನ್ನು ಆಳಲು ಅರ್ಹನಲ್ಲ. ಈ ಪ್ರಶ್ನೆಯನ್ನು ಕೇಳದವರಿಗೆ, ನಾಳೆ ಅಂಗಡಿಯ ಬಾಗಿಲು ಮುಚ್ಚಿದಾಗ, ದೂರಲು ಅನ್ಯರು ಸಿಗಲಾರರು.